ಹೊಸ ಬೈಕಿಗೆ ಒಗ್ಗರಣೆ ಎಷ್ಟು?

ಹೊಸ ಮೋಟಾರು ಸೈಕಲು ಮನೆಯಂಗಳಕ್ಕೆ ಬಂದರೆ ಹೂವಿನ ಮಾಲೆ, ಗಂಧ ಕುಂಕುಮ, ಚಕ್ರದಡಿಗೊಂದು ಲಿಂಬೆಹಣ್ಣು, ಇವಿಷ್ಟು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ಮರ್ಯಾದೆ. ಅದು ಮುಗಿದ ಮಾರನೆಯ ದಿನವೇ ಬೇರೊಂದು ಬಗೆಯ ಅಲಂಕಾರ ಆರಂಭವಾಗುತ್ತದೆ. ಒಬ್ಬನಿಗೆ ದೀಪದ ಬೆಳಕು ಸಾಲದು. ಇನ್ನೊಬ್ಬನಿಗೆ ಹಾರ್ನಿನ ದನಿ ಸಾಲದು. ಮತ್ತೊಬ್ಬನಿಗೆ ಇಂಜಿನು ಓಡುತ್ತಿದೆಯೆಂದು ಮೂರು ಊರಿಗೆ ಕೇಳದಿದ್ದರೆ ಸಮಾಧಾನವೇ ಇಲ್ಲ. ಉಪ್ಪಳ, ಕುಂಬಳೆ, ಬದಿಯಡ್ಕಗಳಲ್ಲಿ ಬೇಕಾದುದು ಸಿಗದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಲು ಎಷ್ಟು ಹೊತ್ತು?

ಈ ಆಸೆ ತಪ್ಪೆಂದು ನಾವು ಹೇಳುವುದಿಲ್ಲ. ತನ್ನದಾದ ವಸ್ತುವನ್ನು ತನಗೊಪ್ಪುವಂತೆ ಮಾಡಿಕೊಳ್ಳುವುದು ಮನುಷ್ಯ ಸಹಜ. ಆದರೆ ಒಂದೂವರೆ ಎರಡು ಲಕ್ಷ ರೂಪಾಯಿಯ ವಾಹನ, ಅದರಲ್ಲಿ ಹೆಚ್ಚಿನ ಪಾಲು ಬ್ಯಾಂಕಿನ ಸಾಲ. ಹೀಗಿರುವಾಗ ಆಟಿಯ ಮಳೆಯಲ್ಲಿ ಗಾಡಿ ನಡುದಾರಿಯಲ್ಲಿ ನಿಂತು, ಸರ್ವೀಸು ಕೇಂದ್ರದವರು ಸೀಟು ತೆಗೆದು ನೋಡಿ, "ವಯರು ಕತ್ತರಿಸಿದ್ದೀರಿ, ಇನ್ನು ವಾರಂಟಿ ಇಲ್ಲ" ಎಂದುಬಿಟ್ಟರೆ ಅಲಂಕಾರಕ್ಕೆ ಹಾಕಿದ ಸಾವಿರ ರೂಪಾಯಿ ಹತ್ತಾರು ಸಾವಿರದ ದಂಡವಾಗಿ ಪರಿಣಮಿಸುತ್ತದೆ. ಸಾಲದ ಕಂತಂತೂ ನಿಲ್ಲುವುದಿಲ್ಲ. ಆದುದರಿಂದ ಹೊಸ ಗಾಡಿಗೆ ಏನು ಹಾಕಬಹುದು, ಏನು ಕೂಡದು, ವಾರಂಟಿ ಎಂಬ ಕಾಗದದ ಬೆಲೆಯೇನು ಎಂಬುದನ್ನು ವಿಚಾರಿಸೋಣ.

ವಾರಂಟಿಯ ಮಾತು

ವಾರಂಟಿಯೆಂದರೆ ತಯಾರಕರು ಬರೆದುಕೊಟ್ಟ ಒಂದು ವಾಗ್ದಾನ. ಲೋಹದ ದೋಷದಿಂದಲೋ ಜೋಡಣೆಯ ದೋಷದಿಂದಲೋ ಒಂದು ಭಾಗ ಕೆಟ್ಟರೆ ಅದನ್ನು ತಮ್ಮ ಖರ್ಚಿನಲ್ಲಿ ಸರಿಪಡಿಸುತ್ತೇವೆ ಎಂಬುದೇ ಅದರ ತಿರುಳು. ಅದಕ್ಕೆ ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅಲ್ಲಿಯ ತನಕ, ಎಂಬ ಗಡಿಯುಂಟು. ಬ್ರೇಕಿನ ಶೂ, ಕ್ಲಚ್ಚಿನ ಪ್ಲೇಟು, ಬಲ್ಬು ಮೊದಲಾದ ಸವೆಯುವ ವಸ್ತುಗಳು ಸಾಮಾನ್ಯವಾಗಿ ಇದಕ್ಕೆ ಒಳಪಡುವುದಿಲ್ಲ. ಟಯರು ಮತ್ತು ಬ್ಯಾಟರಿಗೆ ಅವುಗಳನ್ನು ತಯಾರಿಸಿದವರ ವಾರಂಟಿ ಬೇರೆಯೇ ಇರುವುದುಂಟು.

ಈ ವಾಗ್ದಾನದ ಕೊನೆಯಲ್ಲಿ ಸಣ್ಣ ಅಕ್ಷರಗಳ ಒಂದು ಪಟ್ಟಿಯಿರುತ್ತದೆ. ಮಾರ್ಪಾಟು ಮಾಡಿದ ವಾಹನ, ಕಂಪೆನಿಯದಲ್ಲದ ಬಿಡಿಭಾಗ, ತಪ್ಪಿಸಿದ ಸರ್ವೀಸು ಎಂದೆಲ್ಲ ಅದರಲ್ಲಿ ಬರೆದಿರುತ್ತಾರೆ. ಪುಸ್ತಕ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಅಂಗಡಿಯ ಮಾತು ಇಲ್ಲಿ ಮಲಯಾಳದಲ್ಲಿ. ಕೊಳ್ಳುವವರು ಕನ್ನಡ ಓದಿದವರು. ಹೀಗಾಗಿ ಆ ಪುಟವನ್ನು ಓದಿದವರು ನಮ್ಮಲ್ಲಿ ಕಡಿಮೆಯೆಂದೇ ಹೇಳಬೇಕು. ಗಾಡಿ ಕೊಂಡ ದಿನವೇ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಆ ಒಂದು ಪುಟವನ್ನು ಸಾಲು ಸಾಲಾಗಿ ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ತಾಪತ್ರಯ ತಪ್ಪೀತು.

ಓದುವಾಗ ಒಂದು ಸಂಗತಿಯನ್ನು ಗಮನಿಸಬೇಕು. "ಮಾರ್ಪಾಟಿನಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ" ಎಂಬುದೂ, "ಮಾರ್ಪಾಟು ಮಾಡಿದರೆ ವಾರಂಟಿಯೇ ಇಲ್ಲ" ಎಂಬುದೂ ಒಂದೇ ಅಲ್ಲ. ಮೊದಲನೆಯದು ನ್ಯಾಯದ ಮಾತು. ಹೊಸ ಹಾರ್ನು ಹಾಕಿದ್ದರಿಂದ ವಯರು ಸುಟ್ಟರೆ ಹಾಕಿದವನೇ ಹೊಣೆ. ಆದರೆ ಹಾರ್ನು ಹಾಕಿದ್ದಕ್ಕೂ ಮುಂದಿನ ಫೋರ್ಕಿನಿಂದ ಎಣ್ಣೆ ಸೋರುವುದಕ್ಕೂ ಏನು ಸಂಬಂಧ?

ಈ ವಿವೇಚನೆ ನಮ್ಮ ಕಲ್ಪನೆಯಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪೆನಿಗಳ ವಿರುದ್ಧ ಒಂದು ಆದೇಶ ಹೊರಡಿಸಿ, ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಕೂಡದು, ಕೆಟ್ಟ ರಿಪೇರಿಯಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ಒಂದು ನಿರ್ದೇಶ. ಆದೇಶ ಕಾರುಗಳಿಗೆ ಸಂಬಂಧಿಸಿದ್ದು, ರಿಪೇರಿಗೆ ಸಂಬಂಧಿಸಿದ್ದು. ಕಂಪೆನಿಗಳು ಅದರ ಮೇಲೆ ಮೇಲ್ಮನವಿಗೂ ಹೋದುವು. ಆದರೂ ಕಾರಣವಿದ್ದಲ್ಲಿಗೆ ಮಾತ್ರ ಹೊಣೆ ಎಂಬ ತರ್ಕ ಎರಡು ಚಕ್ರದ ಗಾಡಿಗೂ ಒಪ್ಪುವಂಥದೇ.

ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ಕಾಣುವ ವಿಡಿಯೋಗಳಲ್ಲಿ "ಹೊರಗಿನ ಬಿಡಿಭಾಗ ಹಾಕಿದರೆ ವಾರಂಟಿ ರದ್ದು ಮಾಡಲು ಕಾನೂನೇ ಬಿಡುವುದಿಲ್ಲ" ಎಂದು ಧೈರ್ಯ ಹೇಳುವವರುಂಟು. ಅವರು ಹೇಳುವುದು ಬಹುತೇಕ ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾನೂನಿನ ಮಾತು. ಅದು ಆ ದೇಶದ್ದು. ಅದನ್ನು ನಂಬಿ ಇಲ್ಲಿ ಸ್ಪ್ಯಾನರು ಹಿಡಿಯುವುದು ಸರಿಯಲ್ಲ.

ಹಳೆಯ ಗಾಡಿಯಲ್ಲ ಇದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಯನ್ನೋ ಹಳೆಯ ಬುಲೆಟ್ಟನ್ನೋ ಓಡಿಸಿದ ಹಿರಿಯರು "ನಾವೆಲ್ಲ ಕಾರ್ಬ್ಯುರೇಟರು ಬಿಚ್ಚಿ ನಮಗೆ ಬೇಕಾದಂತೆ ಕೂರಿಸುತ್ತಿದ್ದೆವು, ಏನೂ ಆಗಲಿಲ್ಲ" ಎನ್ನುತ್ತಾರೆ. ಅದು ನಿಜವೇ. ಆ ಗಾಡಿಗಳಲ್ಲಿ ಒಂದು ಭಾಗಕ್ಕೂ ಇನ್ನೊಂದಕ್ಕೂ ಮಾತುಕತೆ ಇರಲಿಲ್ಲ.

ಈಗಿನ ಗಾಡಿಯ ಸಂಗತಿ ಬೇರೆ. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರಗಳಲ್ಲಿ ಇಂಜಿನು ಓಡುತ್ತಿರುವಷ್ಟು ಹೊತ್ತು ಮುಂದಿನ ದೀಪ ತಾನಾಗಿಯೇ ಉರಿಯುತ್ತಿರಬೇಕೆಂದಾಯಿತು. 2019ರ ಏಪ್ರಿಲಿನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಬ್ರೇಕು ಕಡ್ಡಾಯವಾಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ಹೊಗೆ ನಿಯಮ ಬಂದು, ಕಾರ್ಬ್ಯುರೇಟರು ಇದ್ದಲ್ಲಿ ಫ್ಯುಯೆಲ್ ಇಂಜೆಕ್ಷನ್ ಕುಳಿತಿತು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂಬ ಲೆಕ್ಕವನ್ನು ಸೀಟಿನಡಿಯ ಪುಟ್ಟ ಕಂಪ್ಯೂಟರು ನೋಡಿಕೊಳ್ಳುತ್ತದೆ. ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಕ್ಷಣಕ್ಷಣಕ್ಕೂ ಅದಕ್ಕೆ ವರದಿ ಒಪ್ಪಿಸುತ್ತದೆ. ಇವೆಲ್ಲಕ್ಕೂ ಒಂದೇ ವಯರಿನ ಕಟ್ಟು. ಅದರ ಒಂದು ಎಳೆಯನ್ನು ಬ್ಲೇಡಿನಿಂದ ಸವರಿದರೆ ಎಲ್ಲಿಗೋ ಹೋಗಿ ತಟ್ಟುವ ಸಂಭವ ಉಂಟು. ಮೇಲಾಗಿ ತೊಂದರೆ ಕಂಡಾಗ ಕಂಪ್ಯೂಟರು ಅದನ್ನು ಗುರುತಿಟ್ಟುಕೊಳ್ಳುತ್ತದೆ. ಸರ್ವೀಸಿನವರು ಉಪಕರಣ ಜೋಡಿಸಿದರೆ ಅದು ಓದಲು ಸಿಗುತ್ತದೆ.

ಆದುದರಿಂದ ನಾವು ಮಾರ್ಪಾಟುಗಳನ್ನು ಮೂರು ಪಾಲು ಮಾಡಿ ನೋಡುವುದು ಅನುಕೂಲ.

ಅಂಜಿಕೆಯಿಲ್ಲದವು

ಬೋಲ್ಟು ಬಿಗಿದು ಕೂರಿಸಿ, ಬೋಲ್ಟು ಬಿಚ್ಚಿ ತೆಗೆಯಬಹುದಾದದ್ದು ಮೊದಲ ಪಾಲು. ಸಾಮಾನು ಕಟ್ಟುವ ಕ್ಯಾರಿಯರು, ಬದಿಯ ಚೀಲ, ಕಾಲಿನ ಗಾರ್ಡು, ಮುಂದಿನ ಗಾಳಿತಡೆ, ಮೊಬೈಲಿನ ಹಿಡಿಕೆ, ಸೀಟಿನ ಕವರು, ಉದ್ದದ ಮಡ್ ಫ್ಲ್ಯಾಪು ಇವೆಲ್ಲ ಇದರಲ್ಲಿ ಸೇರುತ್ತವೆ. ಫ್ರೇಮಿನಲ್ಲಿ ಈಗಾಗಲೇ ಇರುವ ತೂತುಗಳನ್ನೇ ಬಳಸಬೇಕು. ಹೊಸ ತೂತು ಕೊರೆಯುವುದು, ಬೆಸುಗೆ ಹಾಕಿಸುವುದು ಕೂಡದು. ಇವುಗಳಲ್ಲಿ ಹಲವನ್ನು ಕಂಪೆನಿಯವರೇ ಮಾರುತ್ತಾರೆ. ಬೆಲೆ ತುಸು ಹೆಚ್ಚು. ಆದರೆ ಅಧಿಕೃತ ಅಂಗಡಿಯಲ್ಲೇ ಕೂರಿಸಿ ಬಿಲ್ಲಿನಲ್ಲಿ ಬರೆಸಿಕೊಂಡರೆ ನಾಳೆ ತಕರಾರಿಗೆ ಎಡೆಯಿರುವುದಿಲ್ಲ.

ಇದರಲ್ಲೂ ಸ್ವಲ್ಪ ಬುದ್ಧಿ ಓಡಿಸಬೇಕು. ಹ್ಯಾಂಡಲಿಗೆ ಏನನ್ನು ಕಟ್ಟಿದರೂ ಅದನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಕೇಬಲು ಎಳೆಯುತ್ತದೆಯೇ ಎಂದು ನೋಡಬೇಕು. ಕಡಲ ಬದಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಇರುವ ನಮ್ಮ ಸೀಮೆಯಲ್ಲಿ ಅಗ್ಗದ ಬೋಲ್ಟು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಚ್ಚಲು ಬಾರದಂತಾಗುತ್ತದೆ. ಸ್ಟೀಲಿನ ಬೋಲ್ಟು, ಅದಕ್ಕೊಂದಿಷ್ಟು ಗ್ರೀಸು ಹಾಕಿದರೆ ಒಳಿತು. ನೀರು ಹೀರುವ ಸ್ಪಂಜಿನ ಸೀಟು ಕವರು ನಮ್ಮ ಹವೆಗೆ ಹೇಳಿಸಿದ್ದಲ್ಲ.

ಎಚ್ಚರಿಕೆ ಬೇಕಾದವು

ಎರಡನೆಯ ಪಾಲು ವಿದ್ಯುತ್ತಿನದು. ವಾರಂಟಿಯ ಜಗಳಕ್ಕೆ ಮೂಲವಾಗುವುದು ಹೆಚ್ಚಾಗಿ ಇಲ್ಲೇ.

ಲೆಕ್ಕ ಸರಳವಾಗಿದೆ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಹರಿಯುವ ವಿದ್ಯುತ್ತು ಆಂಪಿಯರಿನಲ್ಲಿ ಸಿಗುತ್ತದೆ. ಬೈಕಿನ ಬ್ಯಾಟರಿ 12 ವೋಲ್ಟಿನದು. 60 ವಾಟಿನ ಬಲ್ಬು 5 ಆಂಪಿಯರು ಎಳೆಯುತ್ತದೆ. ಬೆಳಕು ಸಾಲದೆಂದು ಅದೇ ಜಾಗದಲ್ಲಿ 100 ವಾಟಿನದನ್ನು ಹಾಕಿದರೆ 8.3 ಆಂಪಿಯರಾಯಿತು. ವಯರಿನಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ಅನುಸಾರವಾದದ್ದು. ಅಂದರೆ ಅದು ಹತ್ತಿರ ಹತ್ತಿರ ಮೂರು ಪಾಲಾಗುತ್ತದೆ. ತಯಾರಕರು 5 ಆಂಪಿಯರನ್ನು ನೆನೆದು ಹಾಕಿದ ತೆಳು ವಯರು, ಸ್ವಿಚ್ಚು, ಪ್ಲಾಸ್ಟಿಕ್ಕಿನ ಹೋಲ್ಡರು ಇದನ್ನು ತಾಳುವುದೆಂತು? ದೀಪವಂತೂ ಹಗಲೂ ಇರುಳೂ ಉರಿಯುವಂಥದ್ದು.

ಹಾಗಾದರೆ ಹೆಚ್ಚಿನ ದೀಪ ಬೇಕಾದವರು ಏನು ಮಾಡಬೇಕು? ಮುಳ್ಳೇರಿಯ, ಆದೂರು, ಬಂದಡ್ಕದ ಕಡೆಯ ಕತ್ತಲ ತಿರುವುಗಳಲ್ಲಿ ರಾತ್ರಿ ಹೋಗುವವರಿಗೆ ಅದು ಶೋಕಿಯಲ್ಲ, ಅಗತ್ಯ. ಕಂಪೆನಿಯವರೇ ಆ ಗಾಡಿಗೆಂದು ಮಾರುವ ದೀಪವಿದ್ದರೆ ಅದನ್ನೇ ಕೊಳ್ಳುವುದು ಮೇಲು. ಇಲ್ಲವಾದರೆ 20 ವಾಟಿನ ಎರಡು ಎಲ್.ಇ.ಡಿ. ದೀಪ ಸಾಕು, 3.3 ಆಂಪಿಯರಿನಲ್ಲಿ ಮುಗಿಯಿತು. ಅದಕ್ಕೆ ವಿದ್ಯುತ್ತನ್ನು ಹೆಡ್‌ಲೈಟಿನ ವಯರಿನಿಂದ ಕದಿಯದೆ ನೇರವಾಗಿ ಬ್ಯಾಟರಿಯಿಂದ ತರಬೇಕು. ಬ್ಯಾಟರಿಯ ಪಕ್ಕದಲ್ಲೇ ತಕ್ಕ ಅಳತೆಯ ಫ್ಯೂಸು ಇರಬೇಕು. ನಡುವೆ ಒಂದು ರಿಲೇ ಇರಬೇಕು. ಚಾವಿ ತೆಗೆದಾಗ ದೀಪ ತಾನಾಗಿ ಆರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ಕಂಪೆನಿಯ ವಯರನ್ನು ಕತ್ತರಿಸದೆ, ಆಯಾ ಗಾಡಿಗೆ ಹೊಂದುವ ಪ್ಲಗ್ಗಿನ ಕಪ್ಲರನ್ನು ನಡುವೆ ಸಿಕ್ಕಿಸುವ ಕ್ರಮವುಂಟು. ಬೇಡವೆಂದಾಗ ಅದನ್ನು ಕಿತ್ತರೆ ಗಾಡಿ ಹುಟ್ಟಿದಂತೆಯೇ ಇರುತ್ತದೆ. ದೀಪದ ಮೊಗ ತಗ್ಗಿರಲಿ, ಎದುರಿನಿಂದ ಬರುವವನ ಕಣ್ಣು ಕುಕ್ಕುವಂತಿರಬಾರದು.

ಮೊಬೈಲು ಚಾರ್ಜರಿಗೂ ಹಾರ್ನಿಗೂ ಇದೇ ನಿಯಮ. ಹಾರ್ನಿನಲ್ಲಿ ಬಗೆಬಗೆಯ ರಾಗ ಹೊರಡಿಸುವುದನ್ನೂ, ಕಿವಿಗೆ ಕರ್ಕಶವಾಗಿ ಕಿರಿಚುವುದನ್ನೂ ಕೇಂದ್ರ ಮೋಟಾರು ವಾಹನ ನಿಯಮಗಳು ನಿಷೇಧಿಸಿವೆ.

ಕೈಹಾಕಬಾರದವು

ಮೂರನೆಯ ಪಾಲಿನಲ್ಲಿ ಮೊದಲ ಸ್ಥಾನ ಸೈಲೆನ್ಸರಿಗೆ. ಹೆಸರಿಗೆ ಅದು ಸದ್ದು ಅಡಗಿಸುವ ಡಬ್ಬ. ಆದರೆ ಈಗಿನ ಗಾಡಿಗಳಲ್ಲಿ ಹೊಗೆಯ ವಿಷ ಕಳೆಯುವ ಕ್ಯಾಟಲಿಟಿಕ್ ಕನ್ವರ್ಟರು, ಮೇಲೆ ಹೇಳಿದ ಆಕ್ಸಿಜನ್ ಸೆನ್ಸರು ಎಲ್ಲ ಈ ಹೊಗೆಯ ದಾರಿಯಲ್ಲೇ ಕೂಡಿಕೊಂಡಿವೆ. ಅದನ್ನು ಕಿತ್ತು ಗುಡುಗಿನ ಕೊಳವೆ ಹಾಕಿದಾಗ ಹೊಗೆಯ ಓಟ ಬದಲಾಗುತ್ತದೆ, ಕಂಪ್ಯೂಟರಿನ ಲೆಕ್ಕ ತಪ್ಪುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಇಂಜಿನು ಮಿತಿಮೀರಿ ಕಾಯುತ್ತದೆ. ಆ ಲೆಕ್ಕ ಸರಿಪಡಿಸಲು ಕಂಪ್ಯೂಟರನ್ನೇ ತಿದ್ದುವವರು ಬೇರೆ ಇದ್ದಾರೆ. ಅಲ್ಲಿಗೆ ಇಂಜಿನಿನ ವಾರಂಟಿ ಕೇಳುವ ಬಾಯಿಯೇ ನಮಗಿರುವುದಿಲ್ಲ. ಇಲ್ಲಿ ಕಾರಣಕ್ಕೂ ಹಾನಿಗೂ ಸಂಬಂಧ ನೇರವಾಗಿರುವುದರಿಂದ ಕಂಪೆನಿಯ ನಿರಾಕರಣೆ ನ್ಯಾಯವೆಂದೇ ಒಪ್ಪಬೇಕಾಗುತ್ತದೆ. ತೆರೆದ ಏರ್ ಫಿಲ್ಟರಿಗೂ ಇದೇ ಮಾತು ಸಲ್ಲುತ್ತದೆ. ಹೆದ್ದಾರಿ ಕೆಲಸದ ಕೆಂಪು ಧೂಳು ತಿಂದ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ದಪ್ಪ ಟಯರು. ಟಯರಿನ ಮೇಲೆ 100/90-17 ಎಂದಿದ್ದರೆ ಅಗಲ 100 ಮಿಲಿಮೀಟರು, ಬದಿಯ ಎತ್ತರ ಅಗಲದ ನೂರಕ್ಕೆ 90, ರಿಮ್ಮಿನ ವ್ಯಾಸ 17 ಇಂಚು ಎಂದರ್ಥ. ಒಟ್ಟು ವ್ಯಾಸ ಸುಮಾರು 612 ಮಿಲಿಮೀಟರು. ಅದರ ಜಾಗಕ್ಕೆ 110/90-17 ಹಾಕಿದರೆ ಸುಮಾರು 630 ಆಗುತ್ತದೆ. ನೂರಕ್ಕೆ ಮೂರರಷ್ಟು ವ್ಯತ್ಯಾಸ. ನೋಡಲು ಅಲ್ಪ. ಆದರೆ ಎ.ಬಿ.ಎಸ್. ಕೆಲಸ ಮಾಡುವುದು ಎರಡು ಚಕ್ರಗಳ ತಿರುಗುವ ವೇಗವನ್ನು ಅಳೆದು. ಒಂದು ಚಕ್ರವನ್ನು ಬದಲಿಸಿದರೆ ಅದರ ಅಳತೆಗೋಲನ್ನೇ ಬದಲಿಸಿದಂತೆ. ಮೇಲಾಗಿ ರಿಮ್ಮಿನ ಅಗಲಕ್ಕೆ ಮೀರಿದ ಟಯರು ಸರಿಯಾಗಿ ಕೂರುವುದಿಲ್ಲ, ತಿರುವಿನಲ್ಲಿ ಹಿಡಿತವೂ ಕೆಡುತ್ತದೆ. ಇನ್ನು ಚೈನಿನ ಸ್ಪ್ರಾಕೆಟ್ಟು ಬದಲಿಸುವುದು, ಹಿಂದಿನ ಫ್ರೇಮನ್ನು ಕೊಯ್ಯುವುದು ಇತ್ಯಾದಿಗಳನ್ನು ಬೇರೆ ಹೇಳಬೇಕಾಗಿಲ್ಲ.

ಕಾನೂನಿನ ಲೆಕ್ಕ ಬೇರೆ

ಇಲ್ಲಿ ಅನೇಕರು ಎಡವುತ್ತಾರೆ. ವಾರಂಟಿ ಕಂಪೆನಿಗೂ ನಮಗೂ ನಡುವಿನದು. ಕಾನೂನು ಸರಕಾರಕ್ಕೂ ನಮಗೂ ನಡುವಿನದು. ಒಂದರಲ್ಲಿ ಪಾರಾದದ್ದು ಇನ್ನೊಂದರಲ್ಲಿ ಸಿಕ್ಕಿಬೀಳಬಹುದು.

1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಆ ಮೊಕದ್ದಮೆ ಹೋದದ್ದು ನಮ್ಮ ಕೇರಳದಿಂದಲೇ. ಅದೇ ವರ್ಷ ತಿದ್ದುಪಡಿಯಾದ ಕಾಯಿದೆಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಸಜೆ, ಅಥವಾ ಎರಡೂ ಎಂದು ಬರೆಯಲಾಗಿದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿಯ ತನಕ ದಂಡವುಂಟು, ಲೈಸನ್ಸು ಮೂರು ತಿಂಗಳು ಅನರ್ಹವಾಗುವುದೂ ಉಂಟು. ಗಾಡಿಯ ಬಣ್ಣವೂ ನೋಂದಣಿ ಪತ್ರದಲ್ಲಿ ಬರೆದ ವಿವರವೇ. ಬಣ್ಣ ಪೂರ್ತಿ ಬದಲಾಗುವಂತೆ ಸ್ಟಿಕ್ಕರು ಹೊದಿಸುವವರು ಮೊದಲು ಆರ್.ಟಿ. ಕಚೇರಿಯಲ್ಲಿ ವಿಚಾರಿಸಬೇಕು.

ಹಾಕುವುದಷ್ಟೇ ಅಲ್ಲ, ತೆಗೆಯುವುದೂ ಅಪರಾಧವಾದೀತು. ಅಂದಗೆಡುತ್ತದೆಂದು ಕನ್ನಡಿ ಕಿತ್ತುಹಾಕುವವರಿದ್ದಾರೆ. ಹಿಂದಿನ ಚಕ್ರದ ಬದಿಯ ಸೀರೆ ಗಾರ್ಡನ್ನು ಮೊದಲ ವಾರದಲ್ಲೇ ಬಿಚ್ಚಿ ಅಟ್ಟಕ್ಕೆ ಎಸೆಯುವವರಿದ್ದಾರೆ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಲೇಬೇಕೆಂದು 123ನೇ ನಿಯಮ ಹೇಳುತ್ತದೆ. ತಾಯಿಯನ್ನು ಆಸ್ಪತ್ರೆಗೋ ತಂಗಿಯನ್ನು ಕಾಲೇಜಿಗೋ ಅದೇ ಗಾಡಿಯಲ್ಲಿ ಕರೆದೊಯ್ಯುವವನು ನೀವೇ. ಸೀರೆಯ ಸೆರಗು, ಚೂಡಿದಾರದ ಶಾಲು ಚಕ್ರಕ್ಕೆ ಸುತ್ತಿಕೊಂಡರೆ ಯಾವ ವಾರಂಟಿಯೂ ಉಪಯೋಗಕ್ಕೆ ಬಾರದು.

ವಿಮೆಯವರನ್ನೂ ಮರೆಯಬಾರದು. ಹೆಚ್ಚುವರಿಯಾಗಿ ಹಾಕಿಸಿದ ದೀಪ, ಪೆಟ್ಟಿಗೆಗಳನ್ನು ಅವರಿಗೆ ಬರೆದು ತಿಳಿಸದಿದ್ದರೆ ಅಪಘಾತದ ಹೊತ್ತಿನಲ್ಲಿ ಅವುಗಳ ಪರಿಹಾರ ಕೈಗೆ ಬರುವ ಭರವಸೆಯಿಲ್ಲ.

ಕಾಗದದ ಬಲ

ಇನ್ನು ಗಾಡಿ ಕೊಂಡವರು ಮಾಡಬೇಕಾದ ಕೆಲಸಗಳು. ಮೊದಲನೆಯದಾಗಿ, ನಿಗದಿಯಾದ ಸರ್ವೀಸುಗಳನ್ನು ನಿಗದಿಯಾದ ತಿಂಗಳಿಗೆ ಅಥವಾ ಕಿಲೋಮೀಟರಿಗೆ ತಪ್ಪದೆ ಮಾಡಿಸಿ ಬಿಲ್ಲು ಜೋಪಾನವಾಗಿಡಬೇಕು. ಇದೊಂದು ತಪ್ಪಿದರೆ ಗಾಡಿಗೆ ಏನೂ ಹಾಕದವನ ವಾರಂಟಿಗೂ ಸಂಚಕಾರವೇ. ಎರಡನೆಯದಾಗಿ, ಏನಾದರೂ ಹಾಕಿಸುವ ಮುನ್ನ ಸರ್ವೀಸು ಕೇಂದ್ರಕ್ಕೆ ಇಮೇಲಿನಲ್ಲೋ ಸಂದೇಶದಲ್ಲೋ ಕೇಳಿ, ಉತ್ತರವನ್ನು ಉಳಿಸಿಕೊಳ್ಳಬೇಕು. ಬಾಯಿಮಾತಿನ "ಕುಳಪ್ಪಮಿಲ್ಲ" ನಾಳೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮೂರನೆಯದಾಗಿ, ಬಿಚ್ಚಿದ ಮೂಲ ಭಾಗಗಳನ್ನು ಗುಜರಿಗೆ ಕೊಡದೆ ಕಟ್ಟಿಡಬೇಕು, ಹಾಕುವ ಮೊದಲೂ ಅನಂತರವೂ ಫೋಟೋ ತೆಗೆದಿಡಬೇಕು. ನಾಲ್ಕನೆಯದಾಗಿ, ಜಾಬ್ ಕಾರ್ಡಿನಲ್ಲಿ ಬರೆದದ್ದನ್ನು ಓದಿಸಿಕೊಳ್ಳದೆ ಸಹಿ ಹಾಕಬಾರದು.

ಇಷ್ಟಾಗಿಯೂ "ವಾರಂಟಿ ಇಲ್ಲ" ಎಂದರೆ ಜಗಳಕ್ಕೆ ನಿಲ್ಲುವುದು ಬೇಡ. ಕೆಟ್ಟ ಭಾಗ ಯಾವುದು, ನಮ್ಮ ಯಾವ ಮಾರ್ಪಾಟು ಅದಕ್ಕೆ ಕಾರಣ, ಅದು ಹೇಗೆ ಕಾರಣ, ಈ ಮೂರನ್ನು ಬರೆದುಕೊಡಿ ಎಂದು ಕೇಳಿ. ಕಾರಣ ನಿಜವಾಗಿದ್ದರೆ ಬರೆದುಕೊಡಲು ಅವರಿಗೆ ಅಡ್ಡಿಯಿರಲಾರದು. ಅದಿಲ್ಲದಿದ್ದರೆ ಬರೆಯುವ ಕೈ ತಾನಾಗಿ ತಡೆಯುತ್ತದೆ.

ಅಲ್ಲಿಯೂ ಬಗೆಹರಿಯದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯುಂಟು. ಅದರಾಚೆ ಜಿಲ್ಲಾ ಗ್ರಾಹಕ ಆಯೋಗ. ನಮ್ಮ ಗಡಿನಾಡಿನವರು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿ ಇಲ್ಲಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಕೊಂಡದ್ದು ಮಂಗಳೂರಿನಲ್ಲಾದರೂ ದೂರನ್ನು ಕಾಸರಗೋಡಿನಲ್ಲೇ ದಾಖಲಿಸಲು ಅಡ್ಡಿಯಿಲ್ಲ. 5 ಲಕ್ಷ ರೂಪಾಯಿಯ ತನಕದ ಖರೀದಿಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು, ಅಷ್ಟೆ. ಆದರೆ ಅಲ್ಲಿ ಮಾತಿಗಿಂತ ಕಾಗದಕ್ಕೆ ಬೆಲೆ. ಬಿಲ್ಲು, ಫೋಟೋ, ಬರೆದುಕೊಟ್ಟ ಉತ್ತರ ಇವಿದ್ದವನ ಕೈ ಮೇಲು.

ಅಡುಗೆಗೆ ಒಗ್ಗರಣೆ ಬೇಕು, ಆದರೆ ಒಗ್ಗರಣೆಯೇ ಅಡುಗೆಯಾಗಬಾರದು. ಬಿಚ್ಚಿದರೆ ಮೊದಲಿನಂತಾಗುವುದನ್ನು ಧೈರ್ಯವಾಗಿ ಹಾಕಿಸಿ. ಕತ್ತರಿಸಿ, ಕೊರೆದು, ಬೆಸೆದು ಹಾಕಬೇಕಾದದ್ದನ್ನು ವಾರಂಟಿಯ ಅವಧಿ ಮುಗಿಯುವ ತನಕವಲ್ಲ, ಎಂದೆಂದಿಗೂ ದೂರವಿಡುವುದೇ ಲೇಸು. ಸಾಲದ ಕಂತು ಮುಗಿಯುವ ದಿನವೂ ಗಾಡಿ ಗಟ್ಟಿಮುಟ್ಟಾಗಿ ಅಂಗಳದಲ್ಲಿ ನಿಂತಿದ್ದರೆ ಅದಕ್ಕಿಂತ ದೊಡ್ಡ ಅಲಂಕಾರ ಬೇರೊಂದಿಲ್ಲ.